ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಗಾಡಿ



ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ಕೋಗಿಲಿನ ನಮ್ಮ ಮನೆ ಮುಂದೆ ದಿನಾ ರಾತ್ರಿ ಬೇವಿನ ಮರದಡಿ ನಿಲ್ಲುವ ಬಿಳಿ ಬೊಲೆರೊ ಪಿಕಪ್ ಸರ್ಕಾರದ ಲೆಕ್ಕದಲ್ಲಿ ಇವತ್ತಿಗೂ ನಿಮ್ಮದೇ. ಡೀಸೆಲ್ ಹಾಕಿಸುವುದು ನಾನು, ಟೈರ್ ಬದಲಿಸಿದ್ದು ನಾನು, ಎಫ್‌ಸಿಗೆ ಸಾಲಿನಲ್ಲಿ ನಿಂತಿದ್ದು ನನ್ನ ತಮ್ಮ. ಆರ್‌ಸಿಯಲ್ಲಿರುವ ಹೆಸರು ನಿಮ್ಮದು. ನಾಳೆ ಈ ಗಾಡಿ ಯಾರಿಗಾದರೂ ತಾಗಿದರೆ ಕೋರ್ಟಿನ ನೋಟಿಸು ಹುಡುಕಿಕೊಂಡು ಹೋಗುವುದು ನಿಮ್ಮನ್ನು. ಇದು ನಿಮಗೆ ಗೊತ್ತಿದೆಯೋ ಇಲ್ಲವೋ ಎಂಬ ಯೋಚನೆಯೇ ಈ ಪತ್ರ ಬರೆಸುತ್ತಿದೆ.

ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಬೇರೆ ದಾರಿ ಉಳಿದಿಲ್ಲ. ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ಶಿಡ್ಲಘಟ್ಟ ತಾಲ್ಲೂಕಿನ ನಿಮ್ಮ ಊರಿಗೆ ಎರಡು ಸಲ ಹೋಗಿ ಬಂದೆ. ಮನೆಗೆ ಬೀಗ. ಜಗಲಿಯ ಮೇಲೆ ರೇಷ್ಮೆ ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಮೇಲೆ ದೂಳು. ಪಕ್ಕದ ಮನೆಯವರು, ಬೋರ್‌ವೆಲ್ ಬತ್ತಿದ ಮೇಲೆ ನೀವು ಹೆಂಡತಿ ಮಕ್ಕಳ ಸಮೇತ ಬೆಂಗಳೂರು ಸೇರಿದಿರಿ ಅಂದರು. ಬೆಂಗಳೂರಿನಲ್ಲಿ ಎಲ್ಲಿ ಅಂತ ಅವರಿಗೂ ತಿಳಿಯದು. ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ, ಹಾಗೇ ವಾಪಸ್ ಬಂತು. ನೀವು ಇದೇ ಊರಿನಲ್ಲಿ, ಹೆಬ್ಬಾಳದಲ್ಲೋ ಯಶವಂತಪುರದಲ್ಲೋ, ನಮ್ಮ ಗಾಡಿ ದಿನಾ ಹಾದುಹೋಗುವ ರಸ್ತೆಯಲ್ಲೇ ಇದ್ದೀರೇನೋ.

ನನ್ನ ಪರಿಚಯ ಹೇಳುತ್ತೇನೆ. ನಮ್ಮದು ಮಿಲ್ಲರ್ ಬಾಡಿಗೆ ಕೆಲಸ. ಕಾಂಕ್ರೀಟ್ ಕಲಸುವ ಮಿಕ್ಸರನ್ನು ನಮ್ಮ ಕಡೆ ಯಾರೂ ಮಿಕ್ಸರ್ ಅನ್ನುವುದಿಲ್ಲ, ಮಿಲ್ಲರ್ ಅನ್ನುತ್ತಾರೆ. ಎರಡು ಮಿಲ್ಲರ್, ಎರಡು ವೈಬ್ರೇಟರ್, ಗಾಲಿಯ ಮೇಲೆ ಕೂರಿಸಿದ ಒಂದು ಜನರೇಟರ್ ಇವೆ. ಯಜಮಾನರ ಬೆನ್ನು ಕೈಕೊಟ್ಟ ಮೇಲೆ ಲೆಕ್ಕ, ಆಳು, ಗಾಡಿ ಎಲ್ಲ ನನ್ನ ತಲೆಗೆ ಬಂತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಕೋಗಿಲು, ಕಟ್ಟಿಗೇನಹಳ್ಳಿ, ಶ್ರೀನಿವಾಸಪುರ, ತಿರುಮೇನಹಳ್ಳಿ ಕಡೆಯ ಹೊಲಗಳೆಲ್ಲ ಮೂವತ್ತು ನಲವತ್ತರ ಸೈಟುಗಳಾದವು. ರೆಡಿಮಿಕ್ಸ್ ಲಾರಿ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಇಪ್ಪತ್ತು ಅಡಿ ರಸ್ತೆಯಲ್ಲಿ, ತಲೆ ಮೇಲೆ ಕರೆಂಟ್ ತಂತಿ ಜೋತುಬಿದ್ದ ಕಡೆ ಅದು ತಿರುಗುವುದಿಲ್ಲ. ಅಲ್ಲಿಗೆ ಮಿಲ್ಲರೇ ಬೇಕು. ಮೋಲ್ಡ್ ಹಾಕುವ ದಿನ ಬೆಳಗ್ಗೆ ಆರಕ್ಕೆ ಮಿಲ್ಲರ್ ಸೈಟಿನಲ್ಲಿ ನಿಂತಿರಬೇಕು. ತಡವಾದರೆ ಇಪ್ಪತ್ತು ಇಪ್ಪತ್ತೈದು ಜನ ಆಳುಗಳು ಕೈಕಟ್ಟಿ ಕೂರುತ್ತಾರೆ, ಹಿಂದಿನ ದಿನ ತೇವ ಮಾಡಿದ ಸೆಂಟ್ರಿಂಗ್ ಒಣಗುತ್ತದೆ.

ಮೊದಲೆಲ್ಲ ಬಾಡಿಗೆ ಟ್ರ್ಯಾಕ್ಟರಿಗೆ ಮಿಲ್ಲರ್ ಕಟ್ಟಿ ಕಳಿಸುತ್ತಿದ್ದೆವು. ಊರು ಬೆಳೆದಂತೆ ಟ್ರ್ಯಾಕ್ಟರುಗಳು ಕಮ್ಮಿಯಾದವು, ಇದ್ದವೆಲ್ಲ ನೀರಿನ ಟ್ಯಾಂಕರಿಗೆ ಹೋದವು. ಸ್ವಂತ ಗಾಡಿ ಬೇಕಾಯಿತು.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಫೋನಿನಲ್ಲಿ ಅಲ್ಲಿನ ಪಿಕಪ್‌ಗಳನ್ನು ತೋರಿಸಿದ. ನಮ್ಮ ಮಿನಿ ಲಾರಿಯಷ್ಟಿವೆ. ಎಷ್ಟು ತೂಕ ಎಳೆಯಬಹುದು ಅಂತ ಕಂಪನಿಯೇ ಲೆಕ್ಕ ಹಾಕಿ ಹೇಳುತ್ತದೆ, ಹಿಂದೆ ಕೊಂಡಿ ಹಾಕಲು ಚಾಸಿಗೇ ಬೋಲ್ಟ್ ಮಾಡಿದ ಚೌಕದ ಕೊಳವೆ ಇರುತ್ತದೆ, ಟ್ರೈಲರಿಗೆ ಅದರದೇ ಬ್ರೇಕ್. ಹಲವು ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕೆಜಿ ದಾಟಿದರೆ ಟ್ರೈಲರಿಗೆ ಬ್ರೇಕ್ ಇರಲೇಬೇಕಂತೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್ ಇದೆ, ಇಸುಜು ಡಿ-ಮ್ಯಾಕ್ಸ್ ಇದೆ. ಆ ಬೆಲೆ ನಮ್ಮ ಬಾಡಿಗೆ ಕೆಲಸಕ್ಕೆ ಹೊರೆ. 1986ರಿಂದ ರಸ್ತೆಯಲ್ಲಿರುವ ಟಾಟಾ 407 ನಮ್ಮ ಗಲ್ಲಿಗಳಿಗೆ ದೊಡ್ಡದು. ಟಾಟಾ 207 ನೋಡಿದೆವು, ಸಿಕ್ಕ ಎರಡೂ ತುಕ್ಕು ಹಿಡಿದಿದ್ದವು. ಕೊನೆಗೆ ಉಳಿದದ್ದು ಬೊಲೆರೊ ಪಿಕಪ್. ಎರಡೂವರೆ ಲೀಟರಿನ ಡೀಸೆಲ್ ಇಂಜಿನ್, ಯಾವ ಮೂಲೆಯ ಮೆಕ್ಯಾನಿಕ್ಕಿಗೂ ಗೊತ್ತಿರುವ ಗಾಡಿ, ಪಾರ್ಟ್ಸ್ ಸಿಗದ ಊರಿಲ್ಲ. 2020ರ ಏಪ್ರಿಲ್‌ಗೆ ಮೊದಲಿನ ಬಿಎಸ್4 ಆದರೆ ಇನ್ನೂ ಒಳ್ಳೆಯದು, ಹೊಗೆ ಕೊಳವೆಯ ಕಡೆ ಸೆನ್ಸರುಗಳ ಕಾಟ ಕಡಿಮೆ ಅಂತ ಎಲ್ಲರೂ ಅಂದರು.

2025ರ ಸಂಕ್ರಾಂತಿ ಕಳೆದ ವಾರ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಒಂದು ಯಾರ್ಡಿನಲ್ಲಿ ನಿಮ್ಮ ಗಾಡಿ ಸಿಕ್ಕಿತು. 2017ರ ಡಿಸೆಂಬರಿನ ನೋಂದಣಿ, ಕೆಎ-40, ಚಿಕ್ಕಬಳ್ಳಾಪುರ. ಯಾರ್ಡಿನವನು ಒಂದೇ ಉಸಿರಿಗೆ ಹೇಳಿದ: ಸಿಂಗಲ್ ಓನರ್, ಇಂಜಿನ್ ಬಿಚ್ಚಿಲ್ಲ, ಎಫ್‌ಸಿ ಡಿಸೆಂಬರ್ ತನಕ ಇದೆ, ಸಾಲ ತೀರಿ ಎಚ್‌ಪಿ ಕ್ಲಿಯರ್, ಟೈರ್ ಮುಕ್ಕಾಲು ಭಾಗ.

ನಮ್ಮ ಮೆಕ್ಯಾನಿಕ್ ಹುಡುಗ ತಿಳಿದವನು. ಬೆಳಗ್ಗೆ ಗಾಡಿ ತಣ್ಣಗಿರುವಾಗಲೇ ಹೋಗೋಣ ಅಂದ. ಬಿಸಿ ಮಾಡಿಟ್ಟ ಇಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಂಗೈ ಹಿಡಿದ, ‘ಅಕ್ಕಾ, ಬ್ಯಾಕ್ ಕಂಪ್ರೆಷನ್ ಇಲ್ಲ’ ಅಂದ. ಪಿಸ್ಟನ್ ರಿಂಗ್ ಸವೆದಿದ್ದರೆ ಅಲ್ಲಿಂದ ಬುಸುಬುಸು ಹೊಗೆ ಬರಬೇಕಿತ್ತು. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ, ಕಪ್ಪಾಗಿ ಉಗುಳುತ್ತಿದ್ದರೆ ಡೀಸೆಲ್ ಹೆಚ್ಚು ಹೋಗುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ. ನಿಮ್ಮ ಗಾಡಿಯದು ಸ್ವಚ್ಛ. ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್ ಬಿಟ್ಟರೆ ಇಂಜಿನ್ ಆಫ್ ಆಯಿತು, ಕ್ಲಚ್ ಜಾರುತ್ತಿಲ್ಲ. ಖಾಲಿ ಗಾಡಿ ಓಡಿಸಿ ನೋಡಿದೆವು. ಬ್ರೇಕ್ ಹಿಡಿಯಿತು. ನಾಲ್ಕು ಲಕ್ಷ ಅರವತ್ತು ಸಾವಿರಕ್ಕೆ ಮಾತು ಮುಗಿಯಿತು. ಪೂರ್ತಿ ಹಣ ಕೊಟ್ಟೆ. ಯಾರ್ಡಿನವನು ಸಹಿ ಮಾಡಿದ ಖಾಲಿ ನಮೂನೆಗಳನ್ನು ತೋರಿಸಿ, ಹೆಸರು ಹದಿನೈದು ದಿನದಲ್ಲಿ ವರ್ಗ ಮಾಡಿಸಿಕೊಡುತ್ತೇನೆ ಅಂದ. ಅದು ಆಗಲಿಲ್ಲ. ಮೂರು ತಿಂಗಳಾದ ಮೇಲೆ ಹೋದಾಗ ಆ ಜಾಗದಲ್ಲಿ ಬೇರೆಯವರು ಟೈಲ್ಸ್ ಮಾರುತ್ತಿದ್ದರು.

ಗಾಡಿ ಮನೆಗೆ ಬಂದ ದಿನ ತೊಳೆಯಲು ಕೂತವಳಿಗೆ ನಿಮ್ಮ ಪರಿಚಯ ಶುರುವಾಯಿತು. ತೊಟ್ಟಿಯ ಹಲಗೆಗಳ ಸಂದಿಯಲ್ಲಿ ಬಿಳಿ ನವಿರು ನೂಲು ಸಿಕ್ಕಿಕೊಂಡಿತ್ತು. ಹಿಡಿದು ಎಳೆದರೆ ಹರಿಯುತ್ತಿರಲಿಲ್ಲ. ರೇಷ್ಮೆ ಗೂಡಿನ ಮೇಲಿನ ನೂಲು ಅಂತ ನಮ್ಮತ್ತೆ ಹೇಳಿದರು, ಅವರ ತವರು ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆ. ಮೂಲೆಯಲ್ಲಿ ಒಣಗಿದ ಹಿಪ್ಪುನೇರಳೆ ಕಡ್ಡಿ. ಅಂದರೆ ನೀವು ಬೆಳಗಿನ ಜಾವ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದಿರಿ. ಡ್ಯಾಶ್‌ಬೋರ್ಡಿನ ಮೇಲೆ ಘಾಟಿ ಸುಬ್ರಹ್ಮಣ್ಯನ ಸ್ಟಿಕ್ಕರ್ ಅಂಟಿಸಿದ್ದಿರಿ, ಹಿಂದಿನ ಡೋರಿನ ಮೇಲೆ ಹಸಿರು ಬಣ್ಣದಲ್ಲಿ ಎರಡು ಮಕ್ಕಳ ಹೆಸರು ಬರೆಸಿದ್ದಿರಿ. ಡ್ರೈವರ್ ಸೀಟಿನ ಎಡಭಾಗ ಮಾತ್ರ ಕುಗ್ಗಿದೆ. ಒಂದು ಕಡೆ ವಾಲಿ ಕೂರುವ ಅಭ್ಯಾಸ ನಿಮಗೆ. ಇಷ್ಟೆಲ್ಲ ನನಗೆ ಗೊತ್ತು, ನಿಮ್ಮ ಫೋನ್ ನಂಬರ್ ಗೊತ್ತಿಲ್ಲ.

ನೋಡಬೇಕಾಗಿದ್ದನ್ನು ನಾವು ನೋಡಲಿಲ್ಲ ಅನ್ನುವುದು ಜೂನಿನಲ್ಲಿ ಗೊತ್ತಾಯಿತು.

ಹಿಂದಿನ ಬಂಪರಿನ ಕೆಳಗೆ ಒಂದು ಕೊಂಡಿ ಮೊದಲೇ ಇತ್ತು. ಯಾರೋ ವೆಲ್ಡ್ ಮಾಡಿಸಿ ಕಪ್ಪು ಬಣ್ಣ ಬಳಿಸಿದ್ದರು. ಅದನ್ನು ನೋಡಿ ನಾನು ಖುಷಿಪಟ್ಟೆ, ಹೊಸದಾಗಿ ಮಾಡಿಸುವ ಖರ್ಚು ಉಳಿಯಿತು ಅಂತ. ಐದು ತಿಂಗಳು ಅದಕ್ಕೇ ಮಿಲ್ಲರ್ ಕಟ್ಟಿ ಓಡಿಸಿದೆವು. ಜೂನಿನ ಒಂದು ಬೆಳಗ್ಗೆ, ರಾತ್ರಿ ಮಳೆ ಬಂದು ರಸ್ತೆ ಒದ್ದೆಯಾಗಿತ್ತು, ಕಟ್ಟಿಗೇನಹಳ್ಳಿ ಕಡೆಯಿಂದ ಬರುವಾಗ ತಮ್ಮ ಹಂಪು ದಾಟಿಸಿದ. ಹಿಂದೆ ಟಣ್ ಅಂತ ಶಬ್ದ. ಮುಂದಿನ ಕ್ಷಣಕ್ಕೆ ಗಾಡಿ ಹಗುರವಾಯಿತು. ಕನ್ನಡಿಯಲ್ಲಿ ನೋಡಿದರೆ ಮಿಲ್ಲರ್ ತನ್ನ ಪಾಡಿಗೆ ತಾನು ರಸ್ತೆಯ ಬಲಕ್ಕೆ ಉರುಳುತ್ತಿತ್ತು. ಕೊಂಡಿ ಚಾಸಿಯ ತುಣುಕಿನ ಸಮೇತ ಕಿತ್ತುಬಂದಿತ್ತು. ಮಿಲ್ಲರ್ ಹೋಗಿ ಚರಂಡಿಯ ಕಲ್ಲಿಗೆ ಬಡಿದು ನಿಂತಿತು. ಎದುರಿಗೆ ಶಾಲೆಯ ಮಕ್ಕಳ ವ್ಯಾನ್ ಬರುತ್ತಿತ್ತು, ಅದರ ಡ್ರೈವರ್ ಮೊದಲೇ ನೋಡಿ ನಿಲ್ಲಿಸಿದ್ದ. ಯಾರಿಗೂ ಏನೂ ಆಗಲಿಲ್ಲ.

ಆ ದಿನ ಮಿಲ್ಲರ್ ಮೇಲೆ ಯಾರೂ ಕೂತಿರಲಿಲ್ಲ. ಬೇರೆ ದಿನಗಳಲ್ಲಿ ಕೂರುತ್ತಿದ್ದರು. ನಮ್ಮ ಮಿಲ್ಲರ್ ಹುಡುಗರು ಯಾದಗಿರಿ, ರಾಯಚೂರು ಕಡೆಯವರು. ಪಿಕಪ್ಪಿನ ತೊಟ್ಟಿ ಬುಟ್ಟಿ ಸಲಿಕೆಗಳಿಂದ ತುಂಬಿದಾಗ ಒಬ್ಬಿಬ್ಬರು ಮಿಲ್ಲರಿನ ಹಾಪರ್ ಹಿಡಿದುಕೊಂಡು, ಎಳೆಯುವ ಕಂಬಿಯ ಮೇಲೆ ಕಾಲಿಟ್ಟು ನಿಂತು ಬರುತ್ತಿದ್ದರು. ಎಲ್ಲ ಕಡೆ ಹಾಗೇ ಬರುತ್ತಾರೆ. ನಾನೂ ಕಂಡು ಸುಮ್ಮನಿದ್ದೆ. ಆ ದಿನದಿಂದ ನಿಲ್ಲಿಸಿದ್ದೇನೆ, ಅವರ ಬಸ್ ಚಾರ್ಜು ನಾನು ಕೊಡುತ್ತೇನೆ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕನಿಗೆ ಇನ್ಶೂರೆನ್ಸ್ ಕಂಪನಿ ಹಣ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಷ್ಟು ಹಿಂದೆಯೇ ಹೇಳಿದೆ. ಆ ಹುಡುಗರಲ್ಲಿ ಒಬ್ಬನಿಗೆ ಹತ್ತೊಂಬತ್ತು ವರ್ಷ. ಅವನ ಅಮ್ಮ ತಿಂಗಳಿಗೊಮ್ಮೆ ನನಗೆ ಫೋನ್ ಮಾಡಿ ‘ಹುಡುಗನ್ನ ನೋಡ್ಕೋರಿ ಅಕ್ಕೋರೆ’ ಅನ್ನುತ್ತಾಳೆ. ಆ ದಿನ ಸಂಜೆಯೂ ಅವಳ ಫೋನ್ ಬಂತು. ಎತ್ತುವಾಗ ನನ್ನ ಕೈ ನಡುಗಿತು.

ಗಾಡಿಯನ್ನು ಎತ್ತಿ ಕೆಳಗೆ ಬ್ಯಾಟರಿ ಹಿಡಿದು ನೋಡಿದಾಗ ಎಲ್ಲ ಕಾಣಿಸಿತು. ಕೊಂಡಿಯನ್ನು ಚಾಸಿಯ ಉದ್ದಪಟ್ಟಿಗೆ ಬೋಲ್ಟ್ ಮಾಡದೆ, ಕೊನೆಯ ಅಡ್ಡಪಟ್ಟಿಗೆ ನೇರವಾಗಿ ವೆಲ್ಡ್ ಮಾಡಿದ್ದರು. ವೆಲ್ಡಿಂಗ್ ಕಾವು ತಗುಲಿದ ಅಂಚಿನಲ್ಲಿ ಕಬ್ಬಿಣ ಗಡಸಾಗಿ ಪೆಡಸಾಗುತ್ತದೆ, ಪ್ರತಿ ಹಂಪಿಗೂ ಅಲ್ಲೇ ಜಗ್ಗುತ್ತದೆ, ಕೂದಲೆಳೆಯ ಬಿರುಕು ಹುಟ್ಟುತ್ತದೆ. ನಮ್ಮ ಬಿರುಕಿನ ಮುಕ್ಕಾಲು ಭಾಗ ಹಳೆಯದು, ಒಳಗೆಲ್ಲ ತುಕ್ಕಿನ ಕಂದು. ಉಳಿದ ಕಾಲು ಭಾಗ ಆ ಬೆಳಗ್ಗೆಯದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬಿರುಕಿನ ಮೇಲೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಅದನ್ನು ನೀವು ಮಾಡಿಸಿದಿರೋ, ಯಾರ್ಡಿನವನು ಮಾಡಿಸಿದನೋ, ನಡುವೆ ಇನ್ನೊಬ್ಬರ ಕೈಗೆ ಹೋಗಿತ್ತೋ ನಾನು ಹೇಳಲಾರೆ. ನಿಮ್ಮನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಇಂಥ ಬಿರುಕು ಹುಡುಕುವುದನ್ನು ನಾನು ಆಮೇಲೆ ಕಲಿತೆ. ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಯಲಹಂಕದ ರೈಲ್ ವೀಲ್ ಫ್ಯಾಕ್ಟರಿಯಲ್ಲಿ (ಮೊದಲು ವೀಲ್ ಅಂಡ್ ಆಕ್ಸಲ್ ಅನ್ನುತ್ತಿದ್ದರು) 1984ರಿಂದ ರೈಲಿನ ಗಾಲಿ, ಅಚ್ಚು ಮಾಡುತ್ತಾರೆ. ಕಣ್ಣಿಗೆ ಕಾಣದ ಬಿರುಕು ಹುಡುಕಲು ಅಚ್ಚುಗಳೊಳಗೆ ಶಬ್ದದ ಅಲೆ ಹರಿಸಿ ಪರೀಕ್ಷೆ ಮಾಡುತ್ತಾರೆ ಅಂತ ಅಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿದರು. ಅವರು ನಮಗೂ ಒಂದು ಪಾಠ ಹೇಳಿಕೊಟ್ಟರು: ವೆಲ್ಡಿನ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗಿನ ಡೀಸೆಲ್ ಹೊರಗೆ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಐದು ರೂಪಾಯಿಯ ಪರೀಕ್ಷೆ. ನಾಲ್ಕು ಲಕ್ಷ ಅರವತ್ತು ಸಾವಿರ ಎಣಿಸುವ ಮುಂಚೆ ಮಾಡಬೇಕಿತ್ತು.

ಎಳೆಯುವ ಕೆಲಸಕ್ಕೆ ಗಾಡಿ ಕೊಳ್ಳುವವರು ಎಲ್ಲರೂ ಇಂಜಿನ್ನಿಗೇ ಕಿವಿ ಕೊಡುತ್ತಾರೆ. ನಾವೂ ಅದನ್ನೇ ಮಾಡಿದೆವು. ಎರಡೂವರೆ ಲೀಟರಿನ ಡೀಸೆಲ್ ಇಂಜಿನ್ ಒಂದೂವರೆ ಟನ್ನಿನ ಮಿಲ್ಲರನ್ನು ಮೊದಲನೇ ಗೇರಿನಲ್ಲಿ ಹೇಗಾದರೂ ಎಳೆದೇ ಎಳೆಯುತ್ತದೆ. ನಿಲ್ಲಿಸುವಾಗ ಕಷ್ಟ. ಮಿಲ್ಲರಿಗೆ ಬ್ರೇಕ್ ಇಲ್ಲ. ಅದರ ಭಾರವನ್ನೂ ಪಿಕಪ್ಪಿನ ಬ್ರೇಕೇ ತಡೆಯಬೇಕು. ವೇಗ ನಲವತ್ತರಿಂದ ಅರವತ್ತಕ್ಕೆ ಏರಿದರೆ ಬ್ರೇಕ್ ತಿನ್ನಬೇಕಾದ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಹಿಂದಿನಿಂದ ಯಾರೋ ಭುಜ ಹಿಡಿದು ನೂಕಿದ ಹಾಗೆ ಆಗುತ್ತದೆ ಅಂತ ತಮ್ಮ ಹೇಳುತ್ತಿದ್ದ. ಕೊಂಡಿಯ ಮೇಲೆ ಜಾಸ್ತಿ ಭಾರ ಬಿದ್ದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ತೀರಾ ಕಮ್ಮಿ ಬಿದ್ದರೆ ಹಿಂದಿನದು ಹಾವಿನ ಹಾಗೆ ತೂಗಾಡುತ್ತದೆ. ಇದು ಯಾವುದೂ ಖಾಲಿ ಗಾಡಿಯನ್ನು ಎರಡು ಕಿಲೋಮೀಟರ್ ಓಡಿಸಿ ನೋಡಿದರೆ ತಿಳಿಯುವುದಲ್ಲ. ಮಿಲ್ಲರ್ ಕಟ್ಟಿ ಓಡಿಸಿ ನೋಡಬೇಕಿತ್ತು. ಹಿಂದಿನ ಡ್ರಮ್ ಬಿಚ್ಚಿ ಲೈನರ್ ನೋಡಬೇಕಿತ್ತು. ಕಮಾನಿನ ಪಟ್ಟಿಗಳನ್ನು ಎಣಿಸಬೇಕಿತ್ತು. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚು ಸೇರಿಸಿದ್ದರೆ ಗಾಡಿ ಮಿತಿ ಮೀರಿ ಹೊತ್ತಿದೆ ಅಂತಲೇ ಅರ್ಥ. ನಿಮ್ಮ ಗಾಡಿಗೆ ಎರಡೂ ಕಡೆ ಒಂದೊಂದು ಹೆಚ್ಚಿತ್ತು. ಗೂಡು ಹೊರುವ ಗಾಡಿಗೆ ಅದು ಬೇಕಿರಲಿಲ್ಲ. ನಡುವೆ ಬೇರೊಬ್ಬರ ಕೈಗೆ ಹೋಗಿರಬಹುದು ಅಂತ ನನಗೆ ಅನುಮಾನ ಬಂದದ್ದು ಅದರಿಂದಲೇ.

ಈಗ ಕೊಂಡಿ ಹೊಸದು. ಚಾಸಿಯ ಎರಡೂ ಉದ್ದಪಟ್ಟಿಗಳಿಗೆ ದಪ್ಪ ತಗಡು ಕೊಟ್ಟು, ಬೋಲ್ಟ್ ಹಾಕಿ, ಲಾಕ್ ನಟ್ ಬಿಗಿಸಿದೆ. ಕೊಂಡಿ ಜೊತೆಗೆ ಎರಡು ಸರಪಳಿ, ಅಡ್ಡಡ್ಡಲಾಗಿ. ಪಿನ್ನು ಮೇಲೆದ್ದು ಬಾರದಂತೆ ಆರ್-ಕ್ಲಿಪ್. ಹಿಂದೆ ಕೆಂಪು ದೀಪ. ಮಿಲ್ಲರ್ ಕಟ್ಟಿದ ಮೇಲೆ ತಮ್ಮ ಮೂವತ್ತು ದಾಟಿಸುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ. ಬೈಯಲಿ.

ಇನ್ನು ಹೆಸರಿನ ವಿಷಯ. ಕೊಂಡಿ ಕಿತ್ತ ಮಾರನೇ ದಿನ ನಾನು ಆರ್‌ಸಿ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಆಮೇಲೆ ಯಲಹಂಕದ ಒಬ್ಬ ವಕೀಲರ ಬಳಿ ಹೋದೆ. ಅವರು ಹೇಳಿದ್ದನ್ನು ನಿಮಗೆ ಹಾಗೇ ಹೇಳುತ್ತೇನೆ.

ಮೋಟಾರು ವಾಹನ ಕಾಯಿದೆಯ ಪ್ರಕಾರ ಗಾಡಿಯ ಮಾಲೀಕ ಅಂದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರು. ಗಾಡಿ ಮಾರಿದೆ, ಹಣ ತಗೊಂಡೆ, ಬೀಗದ ಕೈ ಕೊಟ್ಟೆ, ಛಾಪಾ ಕಾಗದದಲ್ಲಿ ಬರೆಸಿಕೊಂಡೆ ಅಂದರೆ ಸಾಲದು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕಾರಿನ ಪ್ರಕರಣ ಬಂದಿತ್ತು. ಮೊದಲ ಮಾಲೀಕರು ಮಾರಿದ್ದರು, ಕೊಂಡವರು ಮತ್ತೊಬ್ಬರಿಗೆ, ಅವರು ಇನ್ನೊಬ್ಬರಿಗೆ ಹೀಗೆ ಕಾರು ಕೈಯಿಂದ ಕೈಗೆ ಹೋಗಿತ್ತು. ಹೆಸರು ಮಾತ್ರ ಮೊದಲಿನವರದ್ದೇ ಉಳಿದಿತ್ತು. ಅಪಘಾತವಾದಾಗ ಯಾರು ಪರಿಹಾರ ಕೊಡಬೇಕು ಅನ್ನುವ ಪ್ರಶ್ನೆ ಬಂತು. ನೋಂದಣಿಯಲ್ಲಿ ಹೆಸರಿದ್ದವರೇ ಕೊಡಬೇಕು ಅಂದಿತು ಕೋರ್ಟ್. ಪೆಟ್ಟು ತಿಂದವರು ಗಾಡಿ ಯಾರ್ಯಾರ ಕೈಗೆ ಹೋಯಿತು ಅಂತ ಹುಡುಕಿಕೊಂಡು ಅಲೆಯುವ ಹಾಗೆ ಆಗಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ಆ ಕಾಳಜಿ ನನಗೆ ಸರಿ ಅನ್ನಿಸುತ್ತದೆ. ನಮ್ಮ ಮಿಲ್ಲರ್ ಹುಡುಗನ ಅಮ್ಮ ಯಾದಗಿರಿಯಿಂದ ಬಂದು ಯಾರ್ಡು ಯಾರ್ಡು ಸುತ್ತಲಾರಳು. ಆದರೆ ಅದರ ಭಾರ ನಿಮ್ಮ ಮೇಲೆ ಬೀಳುತ್ತದಲ್ಲ, ಅದು ನನ್ನನ್ನು ಕೊರೆಯುತ್ತದೆ. ಜೂನಿನ ಆ ಬೆಳಗ್ಗೆ ಶಾಲಾ ವ್ಯಾನ್ ನಿಲ್ಲದೆ ಹೋಗಿದ್ದರೆ, ಬೋರ್‌ವೆಲ್ ಬತ್ತಿ ಊರು ಬಿಟ್ಟ ನೀವು, ಎಂದೋ ಕೈಬಿಟ್ಟ ಗಾಡಿಗಾಗಿ ಕೋರ್ಟು ಹತ್ತಬೇಕಿತ್ತು.

ನಿಮ್ಮನ್ನು ಹುಡುಕುವ ಹೊತ್ತಿನಲ್ಲಿ ಇನ್ನೊಂದು ಗೊತ್ತಾಯಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಗಾಡಿ ನಂಬರ್ ಹಾಕಿ ನೋಡಿದೆ. ನಾವು ಕೊಳ್ಳುವ ಮುಂಚಿನದೇ ಏಳು ಚಲನ್ ಇದ್ದವು, ನಮ್ಮದು ಮೂರು. ಹತ್ತನ್ನೂ ಕಟ್ಟಿದ್ದೇನೆ. ನಮ್ಮ ಮೂರು ಚಲನ್‌ಗಳ ಎಸ್ಸೆಮ್ಮೆಸ್ಸೂ ನೋಂದಣಿಯಲ್ಲಿರುವ ನಿಮ್ಮ ಹಳೆಯ ನಂಬರಿಗೇ ಹೋಗಿರಬೇಕು. ಮನೆಯಲ್ಲಿ ಯಾರಾದರೂ ನೋಡಿ ಗಾಬರಿಯಾಗಿದ್ದರೆ ನನ್ನ ತಪ್ಪು, ಮನ್ನಿಸಿ.

ಹೆಸರು ವರ್ಗಕ್ಕೆ ವಾಹನ್ ಪೋರ್ಟಲಿನಲ್ಲಿ ಅರ್ಜಿ ಹಾಕಲು ಕೂತಾಗಲೂ ಒಟಿಪಿ ಹೋದದ್ದು ಅದೇ ಹಳೆಯ ನಂಬರಿಗೆ. ಸೈಬರ್ ಸೆಂಟರಿನ ಹುಡುಗ ‘ಓನರ್ ಫೋನ್ ತನ್ನಿ ಮೇಡಂ, ಇಲ್ಲದಿದ್ದರೆ ಮುಂದಕ್ಕೆ ಹೋಗಲ್ಲ’ ಅಂದ. ಆ ಅಂಕಿಗಳು ಯಾವ ಸ್ವಿಚ್ ಆಫ್ ಆದ ಫೋನಿಗೆ ಹೋಗಿ ಬಿದ್ದವೋ. ಕೆಲವರು ಬೇರೆ ದಾರಿ ಹೇಳಿದರು, ಇಷ್ಟು ಕೊಟ್ಟರೆ ಆಗುತ್ತದೆ, ಸಹಿ ನಾವೇ ಹಾಕುತ್ತೇವೆ ಅಂತ. ಬೇಡ ಅಂದೆ. ನಿಮ್ಮ ಸಹಿಯನ್ನು ಇನ್ನೊಬ್ಬರ ಕೈಯಲ್ಲಿ ಹಾಕಿಸಿ ನಿಮ್ಮನ್ನು ಬಿಡುಗಡೆ ಮಾಡುವುದು ನನಗೆ ಒಗ್ಗಲಿಲ್ಲ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು ಹೇಳಿಬಿಡುತ್ತೇನೆ, ನಿಮ್ಮ ಅಪ್ಪಣೆ ಇದೆ ಅಂದುಕೊಂಡು. ಗಾಡಿ ಮಾರಿದವರು ಒಂದೇ ರಾಜ್ಯದೊಳಗಾದರೆ ಹದಿನಾಲ್ಕು ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನದಲ್ಲಿ. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು ಕೊಂಡವರಿಗೆ ಹದಿನಾಲ್ಕು ದಿನ. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ: ಆರ್‌ಟಿಒ ಅನುಮತಿ ಪಡೆದ ಹಳೆಯ ಗಾಡಿ ಡೀಲರಿಗೆ ನೀವು ಗಾಡಿ ಒಪ್ಪಿಸಿ ಪೋರ್ಟಲಿನಲ್ಲಿ ತಿಳಿಸಿದರೆ, ಆ ಹೊತ್ತಿನಿಂದ ಗಾಡಿಯ ಹೊಣೆ ಡೀಲರಿನದು. ನಿಮಗೆ ಇದನ್ನು ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ. ನನಗೂ ಯಾರೂ ಹೇಳಿರಲಿಲ್ಲ. ಯಾರ್ಡಿಗೆ ಆ ಅನುಮತಿಯ ಕಾಗದ ಇದೆಯೇ ಅಂತ ನಾನು ಕೇಳಲಿಲ್ಲ. ಪೂರ್ತಿ ಹಣ ಕೊಡದೆ ಐವತ್ತು ಸಾವಿರವಾದರೂ ಹಿಡಿದಿಟ್ಟು, ಹೆಸರು ಬಂದ ಮೇಲೆ ಕೊಡುತ್ತೇನೆ ಅಂದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಮಾತ್ರ ಹೆದರಬೇಕಿಲ್ಲ. ಒಟ್ಟು ತೂಕ 7,500 ಕೆಜಿ ಮೀರದ ಗೂಡ್ಸ್ ಗಾಡಿಯನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸಿನವರು ಓಡಿಸಬಹುದು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ನಿಮ್ಮಿಂದ ನಾನು ಕೇಳುವುದು ಒಂದು ಬೆಳಗ್ಗೆ. ನಮೂನೆ 29 ಮತ್ತು 30ಕ್ಕೆ ನಿಮ್ಮದೇ ಸಹಿ, ಆಧಾರ್ ಪ್ರತಿ, ಈಗ ನಿಮ್ಮ ಬಳಿ ಇರುವ ಫೋನ್ ನಂಬರ್. ಖರ್ಚೆಲ್ಲ ನನ್ನದು. ಆ ದಿನದ ನಿಮ್ಮ ಕೂಲಿಯೂ ನನ್ನದು. ಹಳೆಯ ಏಳು ಚಲನ್‌ಗಳ ಹಣ ವಾಪಸ್ ಕೇಳುವುದಿಲ್ಲ. ಕೊಂಡಿಯ ವಿಷಯ ಎತ್ತುವುದಿಲ್ಲ.

ಒಂದು ಮಾತು ಬರೆಯಲು ಸಂಕಟವಾಗುತ್ತದೆ. ಪಕ್ಕದ ಮನೆಯವರು ನೀವು ಊರು ಬಿಡುವ ಮುಂಚೆ ಆರೋಗ್ಯ ಸರಿ ಇರಲಿಲ್ಲ ಅಂದಿದ್ದರು. ನೀವು ಚೆನ್ನಾಗಿದ್ದೀರಿ ಅಂತಲೇ ನಾನು ನಂಬಿದ್ದೇನೆ. ಅಕಸ್ಮಾತ್ ಹಾಗಿಲ್ಲದೆ, ಈ ಪತ್ರ ನಿಮ್ಮ ಮನೆಯವರ ಕೈ ಸೇರಿದರೆ: ತಾಯಿ, ಮಾಲೀಕರು ತೀರಿಕೊಂಡರೆ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ನಮೂನೆ 31 ಅಂತ ಬೇರೆಯೇ ಇದೆ. ಮೊದಲು ಅದು, ಆಮೇಲೆ ನನ್ನ ಹೆಸರಿಗೆ. ಕಚೇರಿಗೆ ಎರಡು ಸಲ ಓಡಾಡಬೇಕಾಗಬಹುದು, ಎರಡು ಸಲವೂ ನಾನೇ ಬಂದು ಕರೆದುಕೊಂಡು ಹೋಗಿ ಮನೆಗೆ ಬಿಡುತ್ತೇನೆ. ಈ ಗಾಡಿಯಿಂದ ನಿಮಗೆ ಇನ್ನೊಂದು ಕಷ್ಟ ಬರಬಾರದು.

ಕೋಗಿಲು ಕ್ರಾಸಿನಲ್ಲಿ ಇಳಿದು ಕೆರೆಯ ಕಡೆ ನಡೆದು ಬಂದು ಮಿಲ್ಲರ್ ಬಾಡಿಗೆಯವರ ಮನೆ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಸೋಮವಾರ ಬಿಟ್ಟು ಯಾವ ದಿನವಾದರೂ ಸಂಜೆ ಆರರ ಮೇಲೆ ಗಾಡಿ ಮನೆ ಮುಂದೆಯೇ ಇರುತ್ತದೆ. ಹಿಂದಿನ ಡೋರಿಗೆ ಕಳೆದ ತಿಂಗಳು ಹೊಸ ಬಣ್ಣ ಹೊಡೆಸಿದೆವು. ಪೇಂಟರಿಗೆ ನಿಮ್ಮ ಮಕ್ಕಳ ಹೆಸರಿರುವ ಜಾಗ ಬಿಟ್ಟು ಹೊಡೆಯಲು ಹೇಳಿದ್ದೆ. ಹಾಗೇ ಬಿಟ್ಟಿದ್ದಾನೆ. ನಮೂನೆಗಳಲ್ಲಿ ನನ್ನ ಭಾಗ ತುಂಬಿ, ಸಹಿ ಹಾಕಿ, ಘಾಟಿ ಸುಬ್ರಹ್ಮಣ್ಯನ ಸ್ಟಿಕ್ಕರಿನ ಕೆಳಗಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.

ಇತಿ,
ನಿಮ್ಮ ಗಾಡಿಯನ್ನು ದುಡಿಸಿಕೊಳ್ಳುತ್ತಿರುವ
ಕೋಗಿಲಿನ ಒಬ್ಬಳು